ಮೂರು ತಾಲ್ಲೂಕು, ಆರು ಟಿಕೆಟ್, ಒಂದು ಕಾರ್ಡು

ಶಿರಸಿಗೆ ರೈಲು ಬರುವುದಿಲ್ಲ. ಸಿದ್ದಾಪುರಕ್ಕೂ ಇಲ್ಲ, ಯಲ್ಲಾಪುರಕ್ಕೂ ಇಲ್ಲ. ವಿಮಾನಗಳು ನಮ್ಮ ಅಡಿಕೆ ತೋಟದ ಮೇಲೆ ಹಾರಿ ಹೋಗುತ್ತವೆ, ಇಳಿಯುವುದಿಲ್ಲ. ರೈಲು ಬೇಕೆಂದರೆ ಸಿದ್ದಾಪುರದಾಚೆ ತಾಳಗುಪ್ಪಕ್ಕೆ ಹೋಗಬೇಕು, ಇಲ್ಲವೇ ದೇವಿಮನೆ ಘಟ್ಟ ಇಳಿದು ಕುಮಟೆಗೆ, ಅದೂ ಅಲ್ಲವಾದರೆ ಹುಬ್ಬಳ್ಳಿಗೆ. ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಪ್ರವಾಸವೆಂದರೆ ಕೆಂಪು ಬಸ್ಸು, ಬಾಡಿಗೆ ಜೀಪು, ಮತ್ತೆ ಎರಡು ಕಾಲು.

ಇಂಥ ಊರಿಗೆ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಮಗ, ಸೊಸೆ, ಎಂಟನೇ ತರಗತಿಯ ಮೊಮ್ಮಗಳು, ಹತ್ತು ವರ್ಷದ ಮೊಮ್ಮಗ ಹೊರಟರು. ಹೊರಡುವ ಮೊದಲೇ ಮಗ ಫೋನಿನಲ್ಲಿ ಹೇಳಿದ್ದ: “ಅಪ್ಪಯ್ಯ, ಈ ಸಲ ಖರ್ಚಿನ ಚಿಂತೆ ಇಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಪಾಯಿಂಟ್ ಬರ್ತು.” ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಪಾಯಿಂಟ್ ಎಂದರೆ ಎಷ್ಟು ಪೈಸೆ ಎಂದು ಕೇಳದೆ ಇರಲಾಗುವುದಿಲ್ಲ. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಮೊಮ್ಮಗನಿಗೆ ಒಂದು ನೋಟ್‌ಬುಕ್ ಕೊಟ್ಟು, ಆರು ಜನರ ಹೆಸರಿನಲ್ಲಿ ಆರು ಕಾಲಂ ಗೀಚಿಸಿದೆ. ಈ ಪ್ರವಾಸದಲ್ಲಿ ಯಾರು ಹೆಚ್ಚು ಉಳಿಸುತ್ತಾರೆ ನೋಡೋಣ ಎಂಬುದು ಪಂದ್ಯ.

ದಾರಿಯನ್ನು ಮಾತ್ರ ನಾನೇ ಹಾಕಿಕೊಟ್ಟೆ. ರೈಲಿನಲ್ಲಿ ತಾಳಗುಪ್ಪ, ಅಲ್ಲಿಂದ ಸಿದ್ದಾಪುರ, ಶಿರಸಿ, ಯಲ್ಲಾಪುರ, ಕೊನೆಗೆ ಹುಬ್ಬಳ್ಳಿಯಲ್ಲಿ ವಾಪಸು ರೈಲು. ಹೋದ ದಾರಿಯಲ್ಲೇ ತಿರುಗಿ ಬರುವ ಖರ್ಚು ಉಳಿಯಿತು. ಉಳಿತಾಯ ಟಿಕೆಟ್ ಕೌಂಟರಿನಲ್ಲಲ್ಲ, ನಕ್ಷೆಯ ಮೇಲೆ ಶುರುವಾಗುತ್ತದೆ.

ರೈಲಿನ ಲೆಕ್ಕ

ರಾತ್ರಿ ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಹಳಿ ಅಲ್ಲಿಗೇ ಮುಗಿಯುತ್ತದೆ, ಮುಂದೆ ಬರೀ ಕಾಡು. ದೊಡ್ಡ ಗೇಜು ಬರುವ ಮೊದಲು ಶಿವಮೊಗ್ಗದಿಂದ ಅಲ್ಲಿಗೆ ರೈಲ್‌ಬಸ್ ಓಡುತ್ತಿತ್ತು, ನೋಡಲು ಬಸ್ಸು, ಓಡುವುದು ಹಳಿಯ ಮೇಲೆ. ನನ್ನ ವಯಸ್ಸಿನ ಓದುಗರಿಗೆ ಅದರ ನೆನಪು ಇರಬಹುದು.

ಹಿರಿಯರಿಗೆ ಇನ್ನೊಂದು ನೆನಪೂ ಇದೆ. 2020ರ ಮಾರ್ಚ್‌ವರೆಗೆ ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ರಿಯಾಯಿತಿ ಇತ್ತು. ಕೊರೋನಾ ಕಾಲದಲ್ಲಿ ಅದು ನಿಂತಿತು. ಹಿರಿಯರಿಗೆ ಕೆಳಗಿನ ಬರ್ತ್ ಕೊಡುವ ಕೋಟಾ ಮಾತ್ರ ಉಳಿದಿದೆ. 5ರಿಂದ 12 ವರ್ಷದ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ಟಿಕೆಟ್. ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ದರ. ಮೊಮ್ಮಗನಿಗೆ ಬರ್ತ್ ಬೇಕಿತ್ತು, ಆದ್ದರಿಂದ ಅವನ ಕಾಲಂನಲ್ಲಿ ಸೊನ್ನೆ.

ಈಗ ಕಾರ್ಡು. ಮಗನ ಕಾರ್ಡಿನಲ್ಲಿ ನೂರು ರೂಪಾಯಿ ಖರ್ಚಿಗೆ ಎರಡು ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ. ಅಂದರೆ ನೂರಕ್ಕೆ ಐವತ್ತು ಪೈಸೆ, ಸಾವಿರಕ್ಕೆ ಐದು ರೂಪಾಯಿ. ಇತ್ತ ರೈಲ್ವೆ ಜಾಲತಾಣದಲ್ಲಿ ಸ್ಲೀಪರ್ ಟಿಕೆಟ್ ತೆಗೆದರೆ ಸೇವಾ ಶುಲ್ಕ 15 ರೂಪಾಯಿ, ಯುಪಿಐ ಮೂಲಕ ಕಟ್ಟಿದರೆ 10, ಜಿಎಸ್‌ಟಿ ಬೇರೆ. ಯುಪಿಐಯಲ್ಲಿ ಅಲ್ಲೇ ಉಳಿಯುವ ಐದು ರೂಪಾಯಿಯೂ, ಕಾರ್ಡಿನಲ್ಲಿ ಸಾವಿರ ಖರ್ಚು ಮಾಡಿ ಸಿಗುವ ಐದು ರೂಪಾಯಿಯೂ ಒಂದೇ ತೂಕದವು. “ಹಾಗಾದರೆ ಕಾರ್ಡು ಯಾಕೆ?” ಎಂದು ಕೇಳಿದವನು ಮೊಮ್ಮಗ. ಉತ್ತರಕ್ಕೆ ಮೂರು ದಿನ ಬೇಕಾಯಿತು.

ಸಿದ್ದಾಪುರ: ಕೆಪ್ಪ ಜೋಗದ ದಾರಿ

ತಾಳಗುಪ್ಪದಿಂದ ಅವರು ಬಸ್ಸಿನಲ್ಲಿ ಸಿದ್ದಾಪುರಕ್ಕೆ ಬಂದರು. ನಾನೂ ನಮ್ಮ ಮನೆಯಾಕೆಯೂ ಶಿರಸಿಯಿಂದ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದೆವು. ನೆಂಟರ ಮನೆ ಹತ್ತಿರವೇ. ನಮ್ಮ ಕಡೆ ಅಂಗಳಕ್ಕೆ ಕಾಲಿಟ್ಟವರಿಗೆ ಮೊದಲ ಪ್ರಶ್ನೆ “ಆಸರಿಗೆ ಎಂತ ಕೊಡ್ಲಿ?” ಎಂದು. ಕುಡಿಯಲು ಏನು ಬೇಕೆಂದು ಅರ್ಥ. ಮಜ್ಜಿಗೆ ಕುಡಿದು, ತೆಳ್ಳೇವು ತಿಂದು ಹೊರಟೆವು.

ಎಲ್ಲರೂ ಜೋಗಕ್ಕೆ ಹೋಗುತ್ತಾರೆ. ನಾವು ಉಂಚಳ್ಳಿಗೆ ಹೋದೆವು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹತ್ತಿರ ಅಘನಾಶಿನಿ ನದಿ 116 ಮೀಟರ್ ಕೆಳಗೆ ಧುಮುಕುವ ಜಾಗ ಅದು. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಹೆಸರು ಇಂಗ್ಲಿಷ್ ನಕ್ಷೆಗಳಲ್ಲಿ ಉಳಿದಿದೆ. ಊರವರು ಕರೆಯುವುದು ಕೆಪ್ಪ ಜೋಗ ಎಂದು. ಹತ್ತಿರ ನಿಂತರೆ ಪಕ್ಕದವರ ಮಾತು ಕೇಳಿಸದು. ಮೊಮ್ಮಗಳು ಏನೋ ಕೂಗಿದಳು, ನನಗೆ ಬಾಯಿ ಮಾತ್ರ ಕಂಡಿತು. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟುತ್ತದೆಂದು ಹೇಳುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಮಳೆಗಾಲ ಕಳೆದ ಮೇಲೆ ನೋಡಬೇಕು. ಮಳೆಯ ನಡುವೆ ಹೋದರೆ ಮಂಜು ಬಿಟ್ಟು ಏನೂ ಕಾಣದು, ಇಂಬಳ ಮಾತ್ರ ಕಾಲಿಗೆ ಹತ್ತುತ್ತದೆ.

ಅಲ್ಲಿಗೆ ಬಾಡಿಗೆ ಗಾಡಿಯೇ ಬೇಕು. ಮಗ ಕಾರ್ಡು ತೆಗೆದ. ಡ್ರೈವರ್ ನಕ್ಕು, “ನಗದು ಇದ್ರೆ ಕೊಡಿ, ಇಲ್ದಿದ್ರೆ ಪೇಟೆಗೆ ಹೋದ್ಮೇಲೆ ಫೋನಿಂದ ಹಾಕಿ, ಇಲ್ಲಿ ಸಿಗ್ನಲ್ ಇಲ್ಲ” ಎಂದರು. ಗಾಡಿ ಹತ್ತುವ ಮೊದಲೇ ಹೋಗಿ ಬರುವ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಮಾತಾಡಿಕೊಂಡಿದ್ದೆವು. ಆರು ಜನ ಒಂದೇ ಗಾಡಿಯಲ್ಲಿ ಕೂತದ್ದೇ ಅಂದಿನ ಉಳಿತಾಯ.

ಶಿರಸಿ: ಶೂನ್ಯ ಟಿಕೆಟ್ಟು

ಸಿದ್ದಾಪುರದಿಂದ ಶಿರಸಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸು. ಇಲ್ಲಿಂದ ಪಂದ್ಯ ರಂಗೇರಿತು.

ಮನೆಯಾಕೆ, ಸೊಸೆ, ಮೊಮ್ಮಗಳು ಆಧಾರ್ ತೋರಿಸಿದರು. 2023ರ ಜೂನ್ 11ರಿಂದ ನಡೆಯುತ್ತಿರುವ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ದರ ಸೊನ್ನೆ. ಕಂಡಕ್ಟರ್ ಮೂರು ಶೂನ್ಯ ಟಿಕೆಟ್ ಹರಿದುಕೊಟ್ಟರು. ನನಗೆ 60 ದಾಟಿದವರಿಗಿರುವ ಶೇ. 25 ರಿಯಾಯಿತಿ. ಮೊಮ್ಮಗನಿಗೆ ಅರ್ಧ ಟಿಕೆಟ್. ಪೂರ್ತಿ ಕೊಟ್ಟವನು ಮಗ ಒಬ್ಬನೇ.

ಬಸ್ ದರ ಆಗಾಗ ಬದಲಾಗುತ್ತದೆ. ಮಕ್ಕಳಿಗೆ ಲೆಕ್ಕ ಸುಲಭವಾಗಲೆಂದು ಇಡೀ ಪ್ರವಾಸದ ಬಸ್ಸಿನ ಪೂರ್ಣ ದರ ತಲಾ 300 ರೂಪಾಯಿ ಎಂದು ದುಂಡಾಗಿ ಹಿಡಿದೆವು. ಮೂವರು ಹೆಂಗಸರ ಉಳಿತಾಯ 900. ಮೊಮ್ಮಗನದು 150. ನನ್ನದು 75. ಮಗನದು ಸೊನ್ನೆ. ಒಟ್ಟು 1,800ರಲ್ಲಿ 1,125 ಉಳಿಯಿತು. ಅಜ್ಜಿ ಕಿಟಕಿಯ ಪಕ್ಕ ಕೂತು ಟಿಕೆಟನ್ನು ಕನ್ನಡಕದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಳು.

“ಹಾಗಾದರೆ ಈ ಸೊನ್ನೆಯ ದುಡ್ಡು ಯಾರು ಕೊಡ್ತಾರೆ?” ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆ. ಸರ್ಕಾರ ಸಾರಿಗೆ ಸಂಸ್ಥೆಗೆ ಕೊಡಬೇಕು. ಸರ್ಕಾರಕ್ಕೆ ನಾವೆಲ್ಲ ತೆರಿಗೆಯಾಗಿ ಕೊಡುತ್ತೇವೆ. ಡೀಸೆಲ್ಲು ಪುಕ್ಕಟೆ ಸಿಗುವುದಿಲ್ಲ, ಡ್ರೈವರಿಗೆ ಸಂಬಳ ಬೇಕು. ಲೆಕ್ಕದ ಪುಸ್ತಕದಲ್ಲಿ ಒಂದು ಕಡೆ ಜಮಾ ಆದರೆ ಇನ್ನೊಂದು ಕಡೆ ಖರ್ಚು ಬಿದ್ದಿರಲೇಬೇಕು. ಬಿ.ಕಾಂ.ನಲ್ಲಿ ಮೊದಲ ವಾರ ಕಲಿಸುವ ಪಾಠ ಇದು.

ಶಿರಸಿಯಲ್ಲಿ ಎರಡು ದಿನ ನಮ್ಮ ಮನೆಯಲ್ಲೇ. ಲಾಡ್ಜಿನ ಖರ್ಚಿಲ್ಲ. ಮಾರಿಕಾಂಬಾ ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ. ಎರಡು ವರ್ಷಕ್ಕೊಮ್ಮೆ ಇಲ್ಲಿ ನಡೆಯುವ ಜಾತ್ರೆಗೆ ಪೇಟೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಆ ದಿನಗಳಲ್ಲಿ ಉಳಿದುಕೊಳ್ಳುವ ಜಾಗ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಮರುದಿನ ಬೆಳಿಗ್ಗೆ ಬನವಾಸಿ. ನಾಲ್ಕನೇ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ. ಶಿರಸಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು, ಬಸ್ಸಿದೆ. ಮಧುಕೇಶ್ವರ ದೇವಸ್ಥಾನದ ಕಲ್ಲಿನ ಕಂಬಗಳ ಮುಂದೆ ಮಕ್ಕಳು ತಮ್ಮ ಪ್ರತಿಬಿಂಬ ಹುಡುಕುತ್ತ ಒಂದು ಗಂಟೆ ಕಳೆದರು. ಸೋಂದೆಯ ಕಡೆ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಸಹಸ್ರಲಿಂಗ ಇದೆ. ಆದರೆ ಮಳೆಗಾಲ ಮುಗಿದ ಹೊಸತರಲ್ಲಿ ನೀರು ಹೆಚ್ಚಿದ್ದು ಬಹಳಷ್ಟು ಲಿಂಗಗಳು ಮುಳುಗಿರುತ್ತವೆ. ಬೇಸಿಗೆಯ ಪ್ರವಾಸಕ್ಕೆ ಅದನ್ನು ಉಳಿಸಿಕೊಂಡೆವು.

ಸಂಜೆ ಸಾಮಾನಿಗೆಂದು ತೋಟಗಾರ್ಸ್ ಸೊಸೈಟಿಗೆ ಹೋದೆವು. 1923ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಂಸ್ಥೆ. ನಮ್ಮ ಸೀಮೆಯ ತೋಟಿಗರಿಗೆ ಸಾಲದ ಕಾರ್ಡು ಹೊಸದೇನಲ್ಲ ಎಂದು ಮೊಮ್ಮಕ್ಕಳಿಗೆ ಹೇಳಿದೆ. ಸೊಸೈಟಿಯಲ್ಲಿ ಖಾತೆ, ಅಡಿಕೆ ಹಾಕಿದಾಗ ಜಮಾ, ಸಾಮಾನು ತಂದಾಗ ಖರ್ಚು. ವ್ಯತ್ಯಾಸ ಒಂದೇ. ಅಲ್ಲಿ ಖರ್ಚಿನ ಹಿಂದೆ ಅಟ್ಟದ ಮೇಲೆ ಒಣಗಿದ ಅಡಿಕೆ ಇರುತ್ತಿತ್ತು. ಕಾರ್ಡಿನ ಹಿಂದೆ ಇರುವುದು ಮುಂದಿನ ತಿಂಗಳ ಸಂಬಳ.

ಒಂದು ಕಾಗದ

ಆ ರಾತ್ರಿ ಊಟದ ನಂತರ ಮೊಮ್ಮಗಳು ಅಪ್ಪನ ಫೋನಿನಲ್ಲಿ ಕಾರ್ಡಿನ ಬಿಲ್ಲು ತೆರೆದು, ಪಾಯಿಂಟ್ ಎಷ್ಟಾಗಿದೆ ನೋಡಲು ಹೊರಟಳು. ಗಟ್ಟಿಯಾಗಿ ಓದಿದಳು: “ಹಿಂದಿನ ಬಾಕಿ... ಬಡ್ಡಿ... ಅಪ್ಪ, ಇದೆಂತ?” ಮಗ ಫೋನು ಕೈಗೆ ತೆಗೆದುಕೊಂಡು ಸುಮ್ಮನಾದ. ಸೊಸೆ ಅವನ ಮುಖ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ.

ಮಕ್ಕಳ ಶಾಲೆಯ ಫೀಸನ್ನು ಅವನು ಕಾರ್ಡಿನಲ್ಲಿ ಕಟ್ಟಿದ್ದ. ಪಾಯಿಂಟ್ ಬರುತ್ತದಲ್ಲ ಎಂಬ ಲೆಕ್ಕ. ಆ ತಿಂಗಳು ಬೇರೆ ಖರ್ಚೂ ಬಂದು ಬಾಕಿ 38,000 ಆಯಿತು. ‘ಕನಿಷ್ಠ ಪಾವತಿ’ ಎಂದು ಬಿಲ್ಲಿನಲ್ಲಿ ಬರೆದಿದ್ದ 1,900 ಕಟ್ಟಿ, ಈ ತಿಂಗಳು ತೀರಿತು ಎಂದುಕೊಂಡಿದ್ದ. ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. “ನನ್ನ ಹಾಗೆ ಕಟ್ಟುವವರು ಆಫೀಸಿನಲ್ಲಿ ಇನ್ನೂ ಇದ್ದ, ಬರಿ ಅಪ್ಪಯ್ಯ” ಎಂದ.

ಬೈಯುವ ವಯಸ್ಸು ಇಬ್ಬರಿಗೂ ಮುಗಿದಿತ್ತು. ಕಾಗದ, ಪೆನ್ನು ತಂದು ಮೊಮ್ಮಗಳ ಕೈಯಲ್ಲೇ ಲೆಕ್ಕ ಮಾಡಿಸಿದೆ. ಶೇಕಡಾ ಲೆಕ್ಕ ಅವಳ ಶಾಲೆಯಲ್ಲಿ ಆಗಿತ್ತು. 38,000ದಲ್ಲಿ 1,900 ಕಳೆದರೆ 36,100. ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,263 ರೂಪಾಯಿ 50 ಪೈಸೆ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 227 ರೂಪಾಯಿ 43 ಪೈಸೆ. ಎರಡೂ ಸೇರಿ ಸುಮಾರು 1,491. ಕಟ್ಟಿದ 1,900ರಲ್ಲಿ ಸಾಲಕ್ಕೆ ನಿಜವಾಗಿ ಜಮಾ ಆದದ್ದು ಬರೀ 409. ಇದು ಮೃದುವಾದ ಲೆಕ್ಕ. ಪೂರ್ತಿ ಕಟ್ಟದಿದ್ದರೆ ಖರೀದಿಸಿದ ದಿನದಿಂದಲೇ ಬಡ್ಡಿ ಬೀಳುತ್ತದೆ, ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಹೀಗೆ ಕನಿಷ್ಠವನ್ನೇ ಕಟ್ಟುತ್ತ ಹೋದರೆ ಮೊಮ್ಮಗಳ ಕಾಲೇಜು ಮುಗಿದರೂ ಸಾಲ ಮುಗಿಯದು.

“ಪಾಯಿಂಟ್ ಎಷ್ಟು ಬಂತು?” ಎಂದ ಮೊಮ್ಮಗ, ನೋಟ್‌ಬುಕ್ ಹಿಡಿದುಕೊಂಡೇ. 38,000ಕ್ಕೆ 760 ಪಾಯಿಂಟ್. ಅಂದರೆ 190 ರೂಪಾಯಿ.

ಹಗಲು ಬಸ್ಸಿನಲ್ಲಿ ಕೇಳಿದ ಪ್ರಶ್ನೆಯನ್ನೇ ಮೊಮ್ಮಗಳು ಮತ್ತೆ ಕೇಳಿದಳು: ಈ ಪಾಯಿಂಟಿನ ದುಡ್ಡು ಯಾರು ಕೊಡ್ತಾರೆ? ಸ್ವಲ್ಪ ಅಂಗಡಿಯವರು ಕೊಡುತ್ತಾರೆ. ಕಾರ್ಡಿನಲ್ಲಿ ದುಡ್ಡು ಪಡೆದರೆ ಅವರು ನೂರಕ್ಕೆ ಇಷ್ಟೆಂದು ಬಿಟ್ಟುಕೊಡಬೇಕು. ಕೆಲವರು “ಕಾರ್ಡಾದರೆ ಎರಡು ಪರ್ಸೆಂಟ್ ಹೆಚ್ಚು” ಎನ್ನುವುದು ಅದಕ್ಕೇ. ಉಳಿದದ್ದರಲ್ಲಿ ದೊಡ್ಡ ಪಾಲು ಬರುವುದು ಬಾಕಿ ಉಳಿಸಿಕೊಂಡವರ ಬಡ್ಡಿಯಿಂದ. ಪೂರ್ತಿ ಕಟ್ಟುವವನ ಪ್ರವಾಸಕ್ಕೆ ಕಟ್ಟಲಾಗದವನು ಟಿಕೆಟ್ ಕೊಡಿಸುತ್ತಾನೆ. ಆ ಎರಡು ತಿಂಗಳು ನನ್ನ ಮಗ ಯಾರದೋ ವಿಮಾನದ ಟಿಕೆಟ್ಟಿಗೆ ದುಡ್ಡು ಕಟ್ಟಿದ್ದ.

ಅವನ ಹತ್ತಿರ ಒಂದು ಆರ್.ಡಿ. ಇತ್ತು, ಶೇ. 7ರ ಆಸುಪಾಸಿನ ಬಡ್ಡಿಯದು. ಒಂದು ಕಡೆ ಶೇ. 7 ಪಡೆಯುತ್ತ ಇನ್ನೊಂದು ಕಡೆ ಶೇ. 42 ಕೊಡುವುದು ಯಾವ ಲೆಕ್ಕ? ಅದನ್ನು ಮುರಿದು ಬಾಕಿ ತೀರಿಸುವುದೆಂದಾಯಿತು. ಮನೆಯಾಕೆ ಒಳಗಿನಿಂದ, “ಅಡ್ಡಿಲ್ಲೆ, ಈಗಾದರೂ ಗೊತ್ತಾತು” ಎಂದು ಹಾಸಿಗೆ ಹಾಸಲು ಎದ್ದಳು. ಸೊಸೆ ಮಾತ್ರ ಬಹಳ ಹೊತ್ತು ಜಗುಲಿಯಲ್ಲೇ ಕೂತಿದ್ದಳು. ಬಾಕಿಗಿಂತ ಹೇಳದೆ ಇದ್ದದ್ದು ಅವಳಿಗೆ ನೋವಾಗಿತ್ತು. ಅದಕ್ಕೆ ಬ್ಯಾಂಕಿನಲ್ಲಿ ಯಾವ ಲೆಕ್ಕವೂ ಇಲ್ಲ. ಈಗ ಪ್ರತಿ ತಿಂಗಳ ಬಿಲ್ಲನ್ನು ಇಬ್ಬರೂ ಒಟ್ಟಿಗೆ ಓದುತ್ತಾರಂತೆ.

ಯಲ್ಲಾಪುರ: ಮಾಗೋಡಿನ ನೀರು

ಕೊನೆಯ ದಿನ ಯಲ್ಲಾಪುರ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಮೇಲಿನ ಊರು. ಲಾರಿಗಳ ಸಾಲು ಹಗಲೂ ರಾತ್ರಿ. ಈ ಮಾರ್ಗದಲ್ಲಿ ರೈಲು ಬರುತ್ತದೆಂಬ ಮಾತು ದಶಕಗಳಿಂದ ಇದೆ. ಪೇಟೆ ಬಿಟ್ಟು ಮಾಗೋಡಿನ ಕಡೆ ತಿರುಗಿದರೆ ಸದ್ದೆಲ್ಲ ಅಡಗುತ್ತದೆ. ದಾರಿಯಲ್ಲಿ ಕವಡಿಕೆರೆ, ದಡದಲ್ಲಿ ಕೂತು ಮನೆಯಿಂದ ಕಟ್ಟಿ ತಂದ ಚಿತ್ರಾನ್ನ ತಿಂದೆವು. ಮಾಗೋಡಿನಲ್ಲಿ ಬೇಡ್ತಿ ನದಿ ಎರಡು ಹಂತದಲ್ಲಿ ಕಣಿವೆಗೆ ಇಳಿಯುತ್ತದೆ. ಸಂಜೆ ಜೇನುಕಲ್ಲುಗುಡ್ಡದ ಮೇಲೆ ನಿಂತರೆ ಅದೇ ನದಿ ಕೆಳಗೆ ತೆಳ್ಳಗೆ ಬಾಗುತ್ತ ಹೋಗುವುದು ಕಾಣುತ್ತದೆ. ಸೂರ್ಯ ಮುಳುಗುವಾಗ ಆರು ಜನರೂ ಮಾತಾಡಲಿಲ್ಲ. ಮಗ, ಸೊಸೆ ಒಂದೇ ಬಂಡೆಯ ಮೇಲೆ ಕೂತಿದ್ದರು.

ಸಾತೊಡ್ಡಿ ಜಲಪಾತವೂ ಯಲ್ಲಾಪುರದ ಕಡೆಯಿಂದಲೇ ಹೋಗುವ ಜಾಗ. ಒಂದೇ ದಿನದಲ್ಲಿ ಎರಡನ್ನೂ ನೋಡಲು ಓಡಬೇಡಿ. ಓಡಿದರೆ ಗಾಡಿಯ ಬಾಡಿಗೆ ಜಾಸ್ತಿ, ನೋಡುವುದು ಕಡಿಮೆ.

ಪಂದ್ಯದ ಫಲಿತಾಂಶವನ್ನು ಮೊಮ್ಮಗ ಅಲ್ಲೇ ಓದಿದ. ರೈಲು, ಹೋಟೆಲು, ಸಾಮಾನು ಸೇರಿ ಪ್ರವಾಸದಲ್ಲಿ ಕಾರ್ಡು ಉಜ್ಜಿದ್ದು 8,000. ಪಾಯಿಂಟ್ 160, ಬೆಲೆ 40 ರೂಪಾಯಿ. ಪಾಯಿಂಟ್ ಬಿಡಿಸಿಕೊಳ್ಳಲು ಆ ಕಾರ್ಡಿನಲ್ಲಿ 99 ರೂಪಾಯಿ ಶುಲ್ಕ, ಜಿಎಸ್‌ಟಿ ಸೇರಿ ಸುಮಾರು 117. ಈಗಲೇ ಬಿಡಿಸಿಕೊಂಡರೆ 77 ರೂಪಾಯಿ ನಷ್ಟ. ಮೊದಲ ಸ್ಥಾನದಲ್ಲಿ ಅಜ್ಜಿ, ಅಮ್ಮ, ಅಕ್ಕ ಮೂವರೂ. ಅಜ್ಜಿಯ ಹೆಸರಿನ ಮುಂದೆ ಅವನು ಇನ್ನೊಂದು ಸಾಲು ಬರೆದಿದ್ದ: ಪಿಗ್ಮಿ. ಈ ಪ್ರವಾಸಕ್ಕೆಂದು ಮನೆಯಾಕೆ ದಿನಕ್ಕೆ 20 ರೂಪಾಯಿಯಂತೆ ಒಂದು ವರ್ಷ ಪಿಗ್ಮಿ ಕಟ್ಟಿದ್ದಳು, 7,300 ರೂಪಾಯಿ. 1928ರಲ್ಲಿ ನಮ್ಮ ಕರಾವಳಿಯ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಈ ಪದ್ಧತಿ ಆರಂಭಿಸಿತು. ದುಡ್ಡು ಮೊದಲು, ಪ್ರವಾಸ ಆಮೇಲೆ.

ಕಾರ್ಡು ಬೇಕೆನ್ನುವವರಿಗೆ

ಹಾಗೆಂದು ಕಾರ್ಡು ಕೆಟ್ಟದ್ದಲ್ಲ. ಆಸ್ಪತ್ರೆಯಂಥ ಅವಸರಕ್ಕೆ ಆಗುತ್ತದೆ. ಗಡುವಿನೊಳಗೆ ಪೂರ್ತಿ ಕಟ್ಟುವವನಿಗೆ ಒಂದೂವರೆ ತಿಂಗಳವರೆಗೆ ಬಡ್ಡಿಯಿಲ್ಲದ ಸಾಲ. ಆರಿಸುವಾಗ ನಾಲ್ಕು ಮಾತು ಕೇಳಿ.

ಒಂದು, ಒಂದು ಪಾಯಿಂಟಿಗೆ ಎಷ್ಟು ಪೈಸೆ? ಎರಡು, ವರ್ಷದ ಶುಲ್ಕ ಎಷ್ಟು, ಬಿಡಿಸಿಕೊಳ್ಳುವ ಶುಲ್ಕ ಎಷ್ಟು, ಪಾಯಿಂಟ್ ಯಾವಾಗ ಸಾಯುತ್ತದೆ? ಮೂರು, ನಾನು ಈಗಾಗಲೇ ಮಾಡುತ್ತಿರುವ ಖರ್ಚಿಗೆ ಪಾಯಿಂಟ್ ಬರುತ್ತದೋ, ಹೊಸ ಖರ್ಚು ಮಾಡಿದರೆ ಮಾತ್ರವೋ? ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಲಾಂಜ್ ಕೊಡುವ ಕಾರ್ಡು ಶಿರಸಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರುವವನಿಗೆ ಯಾಕೆ? ವರ್ಷಕ್ಕೆ ಹತ್ತು ಸಲ ರೈಲಿನಲ್ಲಿ ಹೋಗುವವರು ರೈಲಿನ ಕಾರ್ಡು ನೋಡಲಿ. ನಾಲ್ಕು, ಪೂರ್ತಿ ಬಾಕಿ ತಾನಾಗಿಯೇ ಖಾತೆಯಿಂದ ಕಟ್ಟಿಹೋಗುವ ವ್ಯವಸ್ಥೆ ಮಾಡಿದ್ದೇನೆಯೇ? ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ, ಬಡ್ಡಿ ಅದೇ ದಿನ ಶುರು.

ಬೇಡವಾದ ಕಾರ್ಡನ್ನು ಮುಚ್ಚಲು ಹೇಳಿದರೆ, ಬಾಕಿ ಇಲ್ಲದಿದ್ದಲ್ಲಿ, ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ.

ಅಜ್ಜ–ಅಜ್ಜಿಯರಿಗೆ ಒಂದು ಎಚ್ಚರಿಕೆ. “ನಿಮ್ಮ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಈ ಲಿಂಕ್ ಒತ್ತಿ” ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಒತ್ತಬೇಡಿ. ಒಟಿಪಿ ಯಾರಿಗೂ ಹೇಳಬೇಡಿ, ಬ್ಯಾಂಕಿನವರೆಂದು ಹೇಳಿಕೊಂಡವರಿಗೂ. ದುಡ್ಡು ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಫೋನು ಮಾಡಿ. ಸಂದೇಶ ಓದಲು ಬಾರದಿದ್ದರೆ ಮೊಮ್ಮಕ್ಕಳಿಗೆ ತೋರಿಸಿ, ನಾಚಿಕೆ ಬೇಡ.

ಮಕ್ಕಳೇ, ನಿಮಗೊಂದು ಲೆಕ್ಕ. ಒಂದು ಕಾರ್ಡಿಗೆ ವರ್ಷಕ್ಕೆ 499 ರೂಪಾಯಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ. ನೂರು ರೂಪಾಯಿ ಖರ್ಚಿಗೆ ಪಾಯಿಂಟಿನಲ್ಲಿ ಸಿಗುವುದು 50 ಪೈಸೆ. ಕಟ್ಟಿದ ಶುಲ್ಕ ವಾಪಸು ಬರಬೇಕಾದರೆ ವರ್ಷಕ್ಕೆ ಎಷ್ಟು ಖರ್ಚು ಮಾಡಬೇಕು? ಮಾಡಿ ಮನೆಯಲ್ಲಿ ದೊಡ್ಡವರಿಗೆ ತೋರಿಸಿ. ಉತ್ತರ ಒಂದು ಲಕ್ಷ ದಾಟದಿದ್ದರೆ ಎಲ್ಲೋ ತಪ್ಪಿದೆ, ಮತ್ತೊಮ್ಮೆ ಮಾಡಿ.